ಮುಲಾಮಿನ ಮೇಜು

ಅತ್ತೆಗೆಂದು ಬಂದ ಪಾರ್ಸೆಲ್ಲನ್ನು ನಾನು ಬಾಗಿಲಲ್ಲೇ ತಡೆದೆ. ನಾದಿನಿ ಆಗಲೇ ಡೆಲಿವರಿಯವನ ಫೋನಿನ ಮೇಲೆ ಬೆರಳಲ್ಲಿ ಸಹಿ ಗೀಚಲು ಹೊರಟಿದ್ದಳು. ಉದ್ದನೆಯ ರಟ್ಟಿನ ಪೆಟ್ಟಿಗೆ, ಒಳಗೆ ವಾಕರ್. ಮಂಡಿಯ ಆಪರೇಶನ್ ಆಗಿ ಮನೆಗೆ ಬಂದ ಅಮ್ಮನಿಗೆ ಮಗಳು ತನ್ನ ಸಂಬಳದಲ್ಲಿ ತರಿಸಿದ್ದು. ನಾನು ಪೆಟ್ಟಿಗೆಯನ್ನು ಓರೆ ಮಾಡಿ ಟೇಪಿನ ತುದಿ ಹುಡುಕಿದೆ. ತುದಿಯ ಬಲಮೂಲೆ ಒಳಕ್ಕೆ ಮಡಿಚಿತ್ತು, ಓದುತ್ತಿರುವ ಪುಸ್ತಕದ ಹಾಳೆಯನ್ನು ಗುರುತಿಗೆ ಮಡಿಚುತ್ತಾರಲ್ಲ, ಹಾಗೆ.

"ಬೇಡ ಅನ್ನು," ಎಂದೆ.

"ಯಾಕತ್ತಿಗೆ? ತೆಗೆದಾದ್ರೂ ನೋಡೋಣ."

"ತೆಗೆದ್ರೆ ವಾಪಸ್ ಮಾಡೋಕೆ ನೂರೆಂಟು ಕತೆ ಹೇಳ್ಬೇಕು. ಹಾಗೇ ಕಳಿಸು."

"ಬೇಗ ಹೇಳಿ ಮೇಡಂ, ಇನ್ನೂ ನಲವತ್ತು ಮನೆ ಇದೆ," ಎಂದು ಡೆಲಿವರಿಯವನು ಕಾಲು ಬದಲಿಸಿದ. ಬೇಡವೆಂದಾಗ ಪೆಟ್ಟಿಗೆಯನ್ನು ಮತ್ತೆ ಹೆಗಲಿಗೇರಿಸಿಕೊಂಡು ಇಳಿದುಹೋದ.

ಒಳಗಿನಿಂದ ಅತ್ತೆ ಕೂಗಿದರು. "ಏನೇ ಅದು, ನನ್ನ ಕಾಲು ಬಂತಾ?"

"ಬಂದಿತ್ತು ಅತ್ತೆ, ವಾಪಸ್ ಕಳಿಸ್ದೆ."

"ಮನೆ ಬಾಗಿಲಿಗೆ ಬಂದ ಕಾಲನ್ನ ಓಡಿಸಿದ್ಯಲ್ಲೇ! ಇನ್ನೇನು ನಿನ್ನ ಬೆನ್ನೇರಿ ಬಚ್ಚಲಿಗೆ ಹೋಗ್ಲಾ?"

ಮರುದಿನ ನಾದಿನಿಯನ್ನು ಕರೆದುಕೊಂಡು ಆಸ್ಪತ್ರೆಯ ಎದುರಿನ ಅಂಗಡಿಗೆ ಹೋದೆ. ನಾಲ್ಕು ಕಾಲನ್ನೂ ಹಿಡಿದು ಅಲುಗಾಡಿಸಿದೆ, ಬೆಸುಗೆಯ ಮೇಲೆ ಉಗುರೆಳೆದೆ, ನನ್ನ ಭಾರವನ್ನೆಲ್ಲ ಹಾಕಿ ನಿಂತೆ. ಅಂಗಡಿಯವನು ನಕ್ಕ. "ಏನಮ್ಮ, ಸೊಸೆ ತಗೊಳ್ತಿದ್ದೀರೋ ವಾಕರ್ ತಗೊಳ್ತಿದ್ದೀರೋ?" ಎಂದ. ನಾದಿನಿಗೆ ನನ್ನ ಬಗ್ಗೆ ಹೆಮ್ಮೆಯೋ ಹೆಮ್ಮೆ. ನನಗೂ ಇತ್ತು.

ಆ ಮಡಿಚಿದ ಮೂಲೆ ನಾನು ಕೆಲಸಕ್ಕೆ ಹೋಗುವ ಪಾರ್ಸೆಲ್ ಶೆಡ್ಡಿನದು. ತಗಡಿನ ಸೂರು, ಹನ್ನೊಂದು ಜನ ಹೆಂಗಸರು, ಒಂದೇ ಫ್ಯಾನು. ಆನ್‌ಲೈನಿನಲ್ಲಿ ಆ ಒಂದು ಶೆಡ್ಡಿಗೆ ನಾಲ್ಕು ಅಂಗಡಿಗಳ ಹೆಸರು. ಒಂದರ ಹೆಸರಿನಲ್ಲಿ ಆರೈಕೆ ಇದೆ, ಒಂದರಲ್ಲಿ ನಂಬಿಕೆ ಇದೆ, ಉಳಿದೆರಡರಲ್ಲೂ ಅಂಥದೇ ಏನೋ ಇದೆ. ನಾಲ್ಕಕ್ಕೂ ಬಾಗಿಲು ಒಂದೇ. ಗಿರಾಕಿ ಒಂದು ಅಂಗಡಿಯನ್ನು ಶಪಿಸಿ ಮತ್ತೊಂದಕ್ಕೆ ಹೋದರೂ ಅವನು ಬಂದು ನಿಲ್ಲುವುದು ಇದೇ ಬಾಗಿಲಿಗೆ. ಮಾಲೀಕನನ್ನು ನಾವು ಯಾರೂ ಕಂಡವರಲ್ಲ. ಅವನ ಬಾಯಾಗಿ ಇರುವವನು ಮೇಲ್ವಿಚಾರಕ. ಬೆಳಗೆದ್ದರೆ 'ಎಷ್ಟು ಸ್ಟಾರ್ ಬಂತು, ಯಾವನು ಸ್ಟಾರ್ ಕಿತ್ತ' ಎಂಬುದೇ ಅವನ ಜಪ. ಎದುರಿಗೆ ಸಾರ್, ಬೆನ್ನಿಗೆ ಸ್ಟಾರಪ್ಪ.

ಮುರಿದು, ಬಿರಿದು, ಬೈಸಿಕೊಂಡು ವಾಪಸ್ ಬಂದ ಮಾಲು ಮೊದಲು ಬರುವುದು ನನ್ನ ಮೇಜಿಗೆ. ಹೆಂಗಸರು ಅದನ್ನು ಮುಲಾಮಿನ ಮೇಜು ಅನ್ನುತ್ತಾರೆ, ನನ್ನನ್ನು ಮುಲಾಮಕ್ಕ. ಬಿರುಕಿಗೆ ಪುಟ್ಟಿ ತುಂಬಬೇಕು, ಒಣಗಿದ ಮೇಲೆ ಉಪ್ಪು ಕಾಗದದಿಂದ ಉಜ್ಜಬೇಕು, ಬೆಳ್ಳಿ ಬಣ್ಣದ ಸ್ಪ್ರೇ ಹೊಡೆದು, ಮೆತ್ತನೆ ಬಟ್ಟೆಯಿಂದ ಒರೆಸಿ, ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಇಳಿಸಬೇಕು. ನನ್ನ ಕೈ ಒಳ್ಳೆಯದು. ನಾನು ಮುಚ್ಚಿದ ಬಿರುಕನ್ನು ಹುಡುಕಬೇಕಾದರೆ ನಾನೇ ಬರಬೇಕು.

ಆಮೇಲೆ ಅದು ಟೇಪು ಚಿಕ್ಕಮ್ಮನ ಕೈಗೆ ಹೋಗುತ್ತದೆ. ವಯಸ್ಸಿನಲ್ಲಿ ನಮಗೆಲ್ಲ ದೊಡ್ಡವಳು. ಟೇಪು ಸುತ್ತುವುದೂ ವಿಳಾಸದ ಚೀಟಿ ಅಂಟಿಸುವುದೂ ಅವಳೇ. ಒಮ್ಮೆ ವಾಪಸ್ ಬಂದ ಮಿಕ್ಸಿಯನ್ನು ಗೊತ್ತಿಲ್ಲದೆ ಅದೇ ಮನೆಗೆ ಮತ್ತೆ ಕಳಿಸಿ, ಆ ಮನೆಯಾತ ರಂಪ ಮಾಡಿ, ಸ್ಟಾರಪ್ಪ ಅವಳ ಒಂದು ವಾರದ ಸಂಬಳ ಹಿಡಿದ. ಅಂದಿನಿಂದ ಮುಲಾಮು ಹಚ್ಚಿದ ಮಾಲಿನ ಟೇಪಿನ ಮೂಲೆಯನ್ನು ಅವಳು ಮಡಿಚತೊಡಗಿದಳು. ಮಡಿಚಿದ ಪೆಟ್ಟಿಗೆಗಳ ಚೀಟಿಯನ್ನು ಫೋನಿನಲ್ಲಿ ಫೋಟೋ ತೆಗೆದೂ ಇಟ್ಟುಕೊಳ್ಳುತ್ತಾಳೆ. ನಮ್ಮನ್ನು ಕಾಯಲು ನಾವು ಮಾಡಿಕೊಂಡ ಗುರುತು ಅದು. ಬರಬರುತ್ತ ಹನ್ನೊಂದು ಜನವೂ ಅದನ್ನು ಮನೆಮಂದಿಗೆ ಕಲಿಸಿದೆವು. ಮೂಲೆ ಮಡಿಚಿದ್ದರೆ ಮುಟ್ಟಬೇಡಿ. ಹೊರಗೆ ಮಾತ್ರ ಯಾರಿಗೂ ಹೇಳಬಾರದು ಅಂತ ಚಿಕ್ಕಮ್ಮ ನಮ್ಮಿಂದ ಆಣೆ ಮಾಡಿಸಿದ್ದಳು. ಹೇಳಿದರೆ ಊರೆಲ್ಲ ಮಡಿಚಿದ ಮೂಲೆ ನೋಡುತ್ತದೆ, ಶೆಡ್ಡಿಗೆ ಬೀಗ ಬೀಳುತ್ತದೆ, ಹನ್ನೊಂದು ಒಲೆ ಆರುತ್ತವೆ. ಕಳ್ಳತನದ ಲಾಭವೆಲ್ಲ ಒಬ್ಬನಿಗೆ, ಅದರ ಗುಟ್ಟು ಕಾಯುವ ಹೊರೆ ಹನ್ನೊಂದು ಹೆಂಗಸರ ತಲೆಗೆ. ಇದು ಅನ್ಯಾಯವೆಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಆಣೆ ಮಾಡಿದೆ.

ಇಷ್ಟರ ಮೇಲೆ ನಮ್ಮ ಕಟ್ಟಡದಲ್ಲಿ ನಾನೇ ಆನ್‌ಲೈನ್ ಪಂಡಿತೆ. ಪಾರ್ಸೆಲ್ ಕೆಲಸದವಳು ಎಂದು ಎಲ್ಲರೂ ನನ್ನನ್ನೇ ಕೇಳುತ್ತಾರೆ. ನಾನೂ ಗತ್ತಿನಿಂದ ಹೇಳುತ್ತೇನೆ: ಐದು ಸ್ಟಾರಿನ ಹೊಗಳಿಕೆ ಬಿಟ್ಟು ಒಂದು ಸ್ಟಾರಿನ ಬೈಗುಳ ಓದಿ, ಅಂಗಡಿ ಶುರುವಾಗಿ ಎಷ್ಟು ದಿನವಾಯಿತು ನೋಡಿ, ಪೆಟ್ಟಿಗೆ ಒಡೆಯುವಾಗ ವಿಡಿಯೋ ಮಾಡಿ, ಕೈಗೆ ಬಂದ ಮೇಲೆ ದುಡ್ಡು ಕೊಡಿ. ಎಲ್ಲವೂ ನಿಜವಾದ ಮಾತೇ. ಹೇಳಬೇಕಾದ ಒಂದನ್ನು ಬಿಟ್ಟು ಉಳಿದುದನ್ನೆಲ್ಲ ಹೇಳುತ್ತಿದ್ದೆ.

ಸೋಮವಾರ ನಾನು ಬೇಡವೆಂದ ವಾಕರ್ ನನ್ನ ಮೇಜಿಗೇ ಬಂತು. ಚೀಟಿಯ ಮೇಲೆ ಅತ್ತೆಯ ಹೆಸರು, ನಮ್ಮ ಮನೆ ವಿಳಾಸ. ಕಿತ್ತು ಉಂಡೆ ಮಾಡಿ ಎಸೆದೆ. ಬಿಚ್ಚಿ ನೋಡಿದರೆ ಮೂರನೆಯ ಕಾಲಿನ ಬೆಸುಗೆಯ ಕೆಳಗೆ, ಮುಂಚೆ ನಾನೇ ತುಂಬಿದ್ದ ಪುಟ್ಟಿ ಕೂದಲೆಳೆಯಷ್ಟು ಸೀಳಿತ್ತು. ಯಾವುದೋ ಮನೆಯವರು ಮೊದಲ ಸಲ ವಾಪಸ್ ಮಾಡಿದಾಗ 'ಕಾಲು ಅಲುಗಾಡುತ್ತದೆ' ಎಂದು ಬರೆದಿದ್ದದ್ದು ನೆನಪಿಗೆ ಬಂತು.

"ಸಾರ್, ಇದು ಪೈಪೇ ಸೀಳಿದೆ. ಪುಟ್ಟಿಗೆ ನಿಲ್ಲಲ್ಲ."

ಸ್ಟಾರಪ್ಪ ಫೋನಿನಿಂದ ತಲೆ ಎತ್ತಲಿಲ್ಲ. "ನಿಂತಷ್ಟು ದಿನ ನಿಲ್ಲತ್ತೆ. ವಾಪಸ್ ತಗೊಳ್ಳೋ ಗಡುವು ಏಳು ದಿನ. ಎಂಟನೇ ದಿನ ಅದು ಅವರ ಮನೆ ವಾಕರು, ನಮ್ದಲ್ಲ."

ನಾನು ಹಳೆಯ ಪುಟ್ಟಿ ಕೆರೆದು ಹೊಸದು ತುಂಬಿದೆ. ಈ ಸಲ ಇನ್ನೂ ಚೆನ್ನಾಗಿ ತುಂಬಿದೆ. ನಮ್ಮ ಮನೆ ಬಾಗಿಲಿಂದ ಓಡಿಸಿದ ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅವತ್ತು ಪೂರ್ತಿ ನನ್ನ ಕೈಯಲ್ಲೇ ಇತ್ತು. ಒರೆಸಿ ಚಿಕ್ಕಮ್ಮನ ಕಡೆ ತಳ್ಳಿದೆ.

ಕಟ್ಟಡದಲ್ಲಿ ನಮ್ಮ ಮನೆಯ ಕೆಳಗಿನ ಮನೆಯಲ್ಲಿ ತಂದೆ, ಮಗಳು ಇಬ್ಬರೇ. ಮಗಳು ಬಸ್ ಕಂಡಕ್ಟರ್. ನನಗಿಂತ ಹತ್ತು ವರ್ಷ ದೊಡ್ಡವರು, ಕಟ್ಟಡಕ್ಕೆಲ್ಲ ಕಂಡಕ್ಟರಕ್ಕ. ತಂದೆ ಅಚ್ಚುಕೂಟದಲ್ಲಿ ನಲವತ್ತು ವರ್ಷ ಸೀಸದ ಅಕ್ಷರದ ಮೊಳೆ ಜೋಡಿಸಿದವರು, ಅದಕ್ಕೆ ಮೊಳೆ ತಾತ. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದಿತ್ತು. ಇನ್ನೊಂದು ಸಲ ಬಿದ್ದರೆ ಮತ್ತೆ ಏಳುವ ಮಾತಿಲ್ಲ ಎಂದು ಡಾಕ್ಟರು ಮಗಳನ್ನು ಹೊರಗೆ ಕರೆದು ಹೇಳಿದ್ದರಂತೆ.

ಅದೇ ಸೋಮವಾರ ಸಂಜೆ ಕಂಡಕ್ಟರಕ್ಕ ಮೆಟ್ಟಿಲ ಮೇಲೆ ನನ್ನನ್ನು ಹಿಡಿದರು. ಖಾಕಿ ಬಟ್ಟೆಯಲ್ಲೇ ಇದ್ದರು, ಹೆಗಲಲ್ಲಿ ಚರ್ಮದ ಚೀಲ.

"ನಿಲ್ಲೇ ಪಂಡಿತೆ. ಅಪ್ಪಂಗೊಂದು ವಾಕರ್ ಬೇಕು. ಈ ಎರಡು ಅಂಗಡೀಲಿ ಯಾವ್ದು ವಾಸಿ ಹೇಳು."

ಫೋನಿನಲ್ಲಿ ಆರೈಕೆಯೂ ನಂಬಿಕೆಯೂ ಅಕ್ಕಪಕ್ಕ ನಿಂತಿದ್ದವು. ಎರಡೂ ನನ್ನ ಶೆಡ್ಡೇ.

"ಮೊದಲನೇದು ಬೇಡ ಅಕ್ಕ. ದೂರು ಜಾಸ್ತಿ."

"ಎರಡನೇದು?"

"ಅದರ ಮೇಲೆ ದೂರು ಕಮ್ಮಿ."

ನಿಜವೇ. ಆ ಹೆಸರು ಹುಟ್ಟಿ ಎರಡೇ ತಿಂಗಳಾಗಿತ್ತು, ದೂರಲು ಜನಕ್ಕೆ ಸಮಯ ಸಿಕ್ಕಿರಲಿಲ್ಲ. ಅತ್ತೆಗೆ ತಂದ ಹಾಗೆ ಆಸ್ಪತ್ರೆಯ ಎದುರಿನ ಅಂಗಡಿಗೆ ಹೋಗಿ ಅಕ್ಕ ಎಂದುಬಿಡುವುದು ನಾಲಗೆಯ ತುದಿಯಲ್ಲಿತ್ತು. ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ನಾನು ಹೇಳಿಬಿಡುತ್ತೇನೆ. ಅದಕ್ಕೇ ಹೇಳಲಿಲ್ಲ. ಮೊದಲನೆಯದನ್ನು ಬೇಡವೆಂದೆನಲ್ಲ ಎಂದು ಮೆಟ್ಟಿಲು ಹತ್ತುತ್ತ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮುಂದಿನ ಸೋಮವಾರ ಬೆಳಗ್ಗೆ ಕಂಡಕ್ಟರಕ್ಕ ಕೆಳಗಿನಿಂದ ಕೂಗಿ ಕರೆದರು. "ಬಾರೇ, ಅಪ್ಪನ ಹೊಸ ಗಾಡಿ ನೋಡು!"

ಮೊಳೆ ತಾತ ಹಜಾರದ ನಡುವೆ ವಾಕರ್ ಹಿಡಿದು ನಿಂತಿದ್ದರು. ಬೆಳ್ಳಿ ಬಣ್ಣ ಕಿಟಕಿಯ ಬಿಸಿಲಿಗೆ ಮಿಂಚುತ್ತಿತ್ತು. ಅಂಥ ಮಿಂಚು ಕಾರ್ಖಾನೆಯದಲ್ಲ. ಕಾರ್ಖಾನೆಯ ಬಣ್ಣ ಸ್ವಲ್ಪ ಮಂಕು, ನಮ್ಮ ಸ್ಪ್ರೇ ಕನ್ನಡಿಯಂತೆ.

"ನೀನು ಹೇಳ್ದಂಗೇ ವಿಡಿಯೋ ಮಾಡಿದ್ದೀನಿ, ನೋಡು," ಎಂದು ಅಕ್ಕ ಫೋನ್ ಮುಂದೆ ಹಿಡಿದರು. ವಿಡಿಯೋದಲ್ಲಿ ಅವರ ಬೆರಳು ಟೇಪಿನ ತುದಿಯನ್ನು ಕೀಳುತ್ತಿತ್ತು. ಬಲಮೂಲೆ ಮಡಿಚಿತ್ತು. "ಮೂಲೆ ಮಡಿಚಿ ಕಳಿಸಿದ್ದಾರೆ, ಕೀಳೋಕೆ ಎಷ್ಟು ಸಲೀಸು! ಒಳ್ಳೇ ಜನ."

ತಾತ ನಕ್ಕರು. "ನನಗೆ ಅನುಮಾನ ಇತ್ತಮ್ಮ. ಆ ಹೊಗಳಿಕೆಗಳನ್ನ ಓದ್ದೆ. ಹತ್ತು ಜನ ಬರೆದಿದ್ದಾರೆ, ಒಂದೇ ಬ್ಲಾಕು ಹತ್ತು ಸಲ ಒತ್ತಿದಂಗಿದೆ. ಬೇಡ ಕಣೇ ಅಂದೆ ಇವಳಿಗೆ. ಅದಕ್ಕೆ, ಮೇಲ್ಮನೆಯವಳೇ ಹೇಳಿದ್ದಾಳೆ ಸುಮ್ನಿರಪ್ಪ ಅಂದ್ಲು. ಆಮೇಲೆ ನಾನು ತುಟಿ ಬಿಚ್ಚಲಿಲ್ಲ."

ನಾನು ಬಗ್ಗಿ, ಸೀರೆಯ ನೆರಿಗೆ ಸರಿಮಾಡಿಕೊಳ್ಳುವವಳ ಹಾಗೆ ಮೂರನೆಯ ಕಾಲಿನ ಬೆಸುಗೆಯ ಕೆಳಗೆ ಬೆರಳಾಡಿಸಿದೆ. ಕಣ್ಣಿಗೆ ಏನೂ ಇಲ್ಲ. ಬೆರಳಿಗೆ ನನ್ನ ಕೆಲಸ ಸಿಕ್ಕಿತು.

"ಚೆನ್ನಾಗಿದೆ ತಾತ," ಎಂದೆ.

"ಬರೋ ಭಾನುವಾರ ನಾನೇ ಇಳ್ಕೊಂಡು ಕ್ಷೌರಕ್ಕೆ ಹೋಗ್ತೀನಿ. ಆರೇ ಮೆಟ್ಟಿಲು. ಕ್ಷೌರದವನು ಮನೆಗೆ ಬಂದ್ರೆ ನನಗೆ ಹೆಣದ ಕ್ಷೌರ ಮಾಡ್ದಂಗೆ ಆಗುತ್ತೆ."

ಮನೆಗೆ ಬಂದೆ. ನೆಲದಡಿಯಿಂದ ಸದ್ದು ಶುರುವಾಯಿತು. ಟಕ್, ಕಾಲೆಳೆದ ಸದ್ದು, ಟಕ್, ಕಾಲೆಳೆದ ಸದ್ದು. ಹಜಾರದಿಂದ ಬಚ್ಚಲಿಗೆ ಹದಿನಾಲ್ಕು ಟಕ್, ಬಚ್ಚಲಿಂದ ಕಿಟಕಿಗೆ ಹತ್ತೊಂಬತ್ತು. ಅನ್ನಕ್ಕೆ ನೀರಿಟ್ಟು ನಾನು ಟಕ್ ಎಣಿಸುತ್ತ ನಿಂತೆ. ಎರಡು ಟಕ್ಕಿನ ನಡುವೆ ಸ್ವಲ್ಪ ಹೊತ್ತು ಹೆಚ್ಚಾದರೂ ಉಸಿರು ಹಿಡಿದುಕೊಳ್ಳುತ್ತಿದ್ದೆ. ಅತ್ತೆ ತಮ್ಮ ಗಟ್ಟಿ ವಾಕರಿನಲ್ಲಿ ಮೇಲೆ ಓಡಾಡುತ್ತಿದ್ದರು. ಆ ಸದ್ದು ಬೇರೆ, ತುಂಬಿದ ಸದ್ದು. ಸೊಸೆ ಆರಿಸಿ ತಂದದ್ದು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಬುಧವಾರ ಬೆಳಗ್ಗೆ ಕೆಳಗೆ ಧಡ್ ಎಂದಿತು. ಒಲೆಯ ಮೇಲೆ ಹಾಲು ಬಿಟ್ಟು ಬರಿಗಾಲಲ್ಲಿ ಓಡಿದೆ. ತಾತ ಬಾಗಿಲು ತೆರೆದು ನಿಂತಿದ್ದರು, ಹಿಂದೆ ಬಕೆಟ್ ಉರುಳಿತ್ತು. "ಏನಮ್ಮ, ಬೆಂಕಿ ಬಿತ್ತಾ?"

"ಇಲ್ಲ ತಾತ, ಸಕ್ಕರೆ ಇದ್ಯಾ ಅಂತ ಕೇಳೋಣ ಅಂತ..."

"ಸಕ್ಕರೆಗೆ ಹಿಂಗೆ ಓಡಿ ಬಂದೋರನ್ನ ನಾನು ಕಂಡಿಲ್ಲ," ಎಂದು ಒಂದು ಲೋಟ ಸಕ್ಕರೆ ಕೊಟ್ಟರು. ಲೋಟ ತುಂಬಿಸಲು ಅಡುಗೆಮನೆಗೆ ಹೋಗಿ ಬಂದದ್ದೂ ಅದೇ ಮೂರನೆಯ ಕಾಲಿನ ಮೇಲೆ.

ಗುರುವಾರ ಉಪಾಯ ಹೂಡಿದೆ. "ತಾತ, ಇದನ್ನ ಒಂದು ದಿನ ಕೊಡಿ, ತಿರುಪು ಬಿಗಿ ಮಾಡಿಸ್ಕೊಂಡು ಬರ್ತೀನಿ." ಅವರು ಕೊಡಲಿಲ್ಲ. ಅದನ್ನು ಒಯ್ದು ಮುರಿದು, ಕಳೆದುಹೋಯಿತೆಂದು ಹೇಳಿ, ಹೊಸದು ತಂದುಕೊಡುವ ಹಂಚಿಕೆ ಹಾಕಿದ್ದೆ. ತಪ್ಪು ತಿದ್ದಬೇಕು, ಆದರೆ ತಪ್ಪು ನನ್ನದೆಂದು ಯಾರಿಗೂ ತಿಳಿಯಬಾರದು. ಅವರಿಗೆ ಹೊಸ ವಾಕರ್, ನನಗೆ ಹಳೆಯ ಮರ್ಯಾದೆ. ಪುಟ್ಟಿ ಹಚ್ಚಿ ಹಚ್ಚಿ ಮನಸ್ಸಿಗೂ ಅದೇ ಕೆಲಸ ಬಂದುಬಿಟ್ಟಿತ್ತು.

ಶನಿವಾರ ಮಧ್ಯಾಹ್ನ ಕಂಡಕ್ಟರಕ್ಕ ಮನೆಯಲ್ಲಿದ್ದರು. ನಾನು ಹೋಗಿ ಬಾಗಿಲಿಗೆ ಆತು ನಿಂತೆ. ಬಿಸಿಲಿನ ಮಾತಾಡಿದೆ, ನೀರಿನ ಮಾತಾಡಿದೆ.

ಅಕ್ಕ ಸೊಪ್ಪು ಬಿಡಿಸುತ್ತ ಹೇಳಿದರು, "ಟಿಕೆಟ್ ತಗೊಳ್ದೆ ಕೂತೋರು ಕಿಟಕಿ ಕಡೆ ಮುಖ ಮಾಡ್ಕೊಂಡಿರ್ತಾರೆ. ನೀನು ಈ ವಾರವೆಲ್ಲ ಗೋಡೆ ನೋಡ್ಕೊಂಡು ಮಾತಾಡ್ತಿದ್ದೀಯ. ಏನು, ಹೇಳು."

"ಅಕ್ಕ, ನಾಳೆ ತಾತನ್ನ ಮೆಟ್ಟಿಲು ಇಳಿಸಬೇಡಿ."

"ಯಾಕೆ?"

"ಆ ವಾಕರಿನ ಮೂರನೇ ಕಾಲು ಸೀಳಿದೆ. ಮುಚ್ಚಿದ್ದು ನಾನೇ."

ಒಂದೊಂದಾಗಿ ಹೇಳಿದೆ. ನಾಲ್ಕು ಹೆಸರು, ಒಂದು ಬಾಗಿಲು, ಟೇಪಿನ ಮೂಲೆ, ನಮ್ಮ ಮನೆಯಿಂದ ವಾಪಸ್ ಹೋದದ್ದೇ ಇವರ ಮನೆಗೆ ಬಂದದ್ದು. ತಾತ ಮಂಚದ ಮೇಲೆ ಕೂತು ಕೇಳುತ್ತಿದ್ದರು. ಅಕ್ಕನ ಕೈಯಲ್ಲಿನ ಸೊಪ್ಪು ತಟ್ಟೆಗೆ ಬೀಳಲೇ ಇಲ್ಲ.

"ನಿಮ್ಮತ್ತೆದು ಎಲ್ಲಿಂದ ತಂದೆ?"

"ಆಸ್ಪತ್ರೆ ಎದುರಿನ ಅಂಗಡಿ."

"ಅಂದ್ರೆ ನಿನಗೆ ದಾರಿ ಗೊತ್ತಿತ್ತು."

"ಗೊತ್ತಿತ್ತು."

"ಮೆಟ್ಟಿಲ ಮೇಲೆ ನಾನು ನಿನ್ನನ್ನ ಕೇಳಿದ್ದು ದಾರೀನೇ ಅಲ್ವೇನೇ?" ಅವರು ಕೂಗಲಿಲ್ಲ. ಬಸ್ಸಿನಲ್ಲಿ ನೂರು ಜನರ ಮೇಲೆ ದಿನವಿಡೀ ಕೂಗುವ ದನಿ ಆಗ ಪಿಸುಗುಟ್ಟುವಷ್ಟಾಗಿತ್ತು. "ನೀನು ದೂರದವಳಾಗಿದ್ರೆ ನಾಲ್ಕು ಬೈದು ಮರೀತಿದ್ದೆ. ಮೋಸ ಮಾಡೋರಿಂದ ತಪ್ಪಿಸ್ಕೊಳ್ಳೋದು ಹೆಂಗೆ ಅಂತ ನಿನ್ನತ್ರ ಕಲಿಯೋಕೆ ಬಂದೆನಲ್ಲ, ನನಗೆ ಮೆಟ್ಟು ತಗೊಂಡು ಹೊಡ್ಕೋಬೇಕು."

"ಕೆಲಸ ಹೋಗುತ್ತೆ ಅಂತ ಹೆದರ್ದೆ ಅಕ್ಕ. ಹನ್ನೊಂದು ಜನ..."

"ಆ ಹನ್ನೊಂದು ಜನಾನ ಮುಂದೆ ನಿಲ್ಲಿಸ್ಕೊಂಡು ಹಿಂದೆ ಬಚ್ಚಿಟ್ಕೊಂಡಿರೋನು ಯಾವನೇ? ಅವನಿಗೆ ಹೆದರಿ ನಮ್ಮಪ್ಪನ ಸೊಂಟದ ಮೇಲೆ ಧೈರ್ಯ ತೋರಿಸ್ದ್ಯಾ?"



ತಾತ ಮೊದಲ ಬಾರಿ ಬಾಯಿ ತೆರೆದರು. "ಇದೊಂದೇನಾ? ಎಷ್ಟು ಕಳಿಸಿದ್ದೀರಿ ಹಿಂಗೆ?"

"ವಾಕರ್ ಮಾತ್ರ ತಗೊಂಡ್ರೆ... ಹತ್ತೊಂಬತ್ತು. ಇದೂ ಸೇರಿ."

"ಹತ್ತೊಂಬತ್ತು ಮನೆ," ಎಂದು ತಾತ ತಮ್ಮ ಅಂಗೈ ನೋಡಿಕೊಂಡರು. "ಒಂದ್ಸಲ ಔಷಧದ ಪುಸ್ತಕ ಅಚ್ಚು ಹಾಕ್ತಿದ್ದಾಗ, ಒಂದು ಚಮಚ ಅನ್ನೋ ಕಡೆ ಹನ್ನೊಂದು ಚಮಚ ಅಂತ ನನ್ನ ಕೈಲಿ ಬಿದ್ದಿತ್ತು. ಪುಸ್ತಕ ಹೋಗಿ ಆಗಿತ್ತು. ಮಾಲೀಕ ಸುಮ್ನಿರು ಅಂದ. ಇಪ್ಪತ್ತಾರು ಮನೆ ಹುಡುಕ್ಕೊಂಡು ಹೋಗಿ ತಿದ್ದುಪಡಿ ಚೀಟಿ ಅಂಟಿಸಿ ಬಂದೆ. ಮೂರು ಮನೆಯೋರು ಬಾಗಿಲು ತೆಗೀಲಿಲ್ಲ. ಅವರು ಬದುಕಿದ್ರೋ ಇಲ್ವೋ ನನಗೆ ಇವತ್ತಿಗೂ ಗೊತ್ತಿಲ್ಲ."

ಅಕ್ಕ ಎದ್ದು ವಾಕರನ್ನು ನೆಲದ ಮೇಲೆ ಮಲಗಿಸಿದರು. ಚಾಕು ತಂದು ನನ್ನ ಕೈಗಿಟ್ಟರು. ಫೋನ್ ಹಿಡಿದರು. "ಕೆರಿ. ಕೆರೀತಾ ಹೇಳು. ಮುಖ ತೆಗಿಯಲ್ಲ, ಕೈ ಮಾತ್ರ."

ನಾನು ಕೆರೆದೆ. ಬೆಳ್ಳಿ ಬಣ್ಣ ಹುಡಿಯಾಗಿ ಉದುರಿತು, ಪುಟ್ಟಿ ಹಕ್ಕಳೆಯಂತೆ ಎದ್ದಿತು. ಒಳಗೆ ಪೈಪು ಅರ್ಧ ಸುತ್ತು ಸೀಳಿತ್ತು. ಹನ್ನೆರಡು ದಿನದ ಹಿಂದೆ ನಾನು ತುಂಬುವಾಗ ಬೆರಳಗಲ ಇತ್ತು. ಐದಾರೇ ದಿನದಲ್ಲಿ ತಾತನ ಭಾರಕ್ಕೆ ಇಷ್ಟು ಬೆಳೆದಿತ್ತು. ಆರು ಮೆಟ್ಟಿಲಲ್ಲಿ ಮೊದಲನೆಯದಕ್ಕೇ ಮುರಿಯುತ್ತಿತ್ತು. ನಾಲ್ಕು ಅಂಗಡಿಯ ಹೆಸರನ್ನೂ ಹೇಳಿದೆ, ಟೇಪಿನ ಮೂಲೆಯನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿಯೇ ನನಗೆ ಬೇರೆಯವಳದೆನ್ನಿಸಿತು. ಅಕ್ಕ ಆ ವಿಡಿಯೋವನ್ನು ನಾಲ್ಕೂ ಅಂಗಡಿಗಳ ವಾಕರಿನ ಕೆಳಗೆ, ಒಂದು ಸ್ಟಾರ್ ಕೊಟ್ಟು, ಹಾಕಿದರು. ನನಗೆ ಕ್ಷಮಿಸಿದೆ ಎನ್ನಲಿಲ್ಲ, ಕೂತು ಕಾಫಿ ಕುಡಿ ಎನ್ನಲಿಲ್ಲ. ಆಸ್ಪತ್ರೆಯ ಎದುರಿನ ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದಷ್ಟೇ ಕೇಳಿದರು.

ಸೋಮವಾರ ಶೆಡ್ಡಿನಲ್ಲಿ ಸ್ಟಾರಪ್ಪ ಹನ್ನೊಂದು ಜನರನ್ನೂ ಸಾಲಾಗಿ ನಿಲ್ಲಿಸಿದ. ವಿಡಿಯೋ ಹಾಕಿದ. ಉಗುರಿನ ಸಂದಿಯಲ್ಲಿ ಬೆಳ್ಳಿ ಬಣ್ಣವಿದ್ದ ಎರಡು ಕೈ ಚಾಕು ಹಿಡಿದು ಕೆರೆಯುತ್ತಿದ್ದವು. "ಯಾರದು ಈ ಕೈ?"

ಹತ್ತು ಜನಕ್ಕೂ ಗೊತ್ತು. ಹತ್ತು ಜನವೂ ನೆಲ ನೋಡಿದರು. ನನ್ನನ್ನು ಕಾಯುತ್ತಿದ್ದ ಆ ಮೌನ ಮೈಮೇಲೆ ಬಿಸಿನೀರು ಸುರಿದಂತಿತ್ತು.

"ಹೇಳ್ದಿದ್ರೂ ನಷ್ಟ ಇಲ್ಲ," ಎಂದು ಸ್ಟಾರಪ್ಪ ನಕ್ಕ. "ನಾಲ್ಕು ಹೆಸರು ನಿನ್ನೇನೇ ಮುಚ್ಚಾಯ್ತು. ಸಂಜೆಗೆ ಹೊಸ ನಾಲ್ಕು ಬರುತ್ತೆ. ಹಳೇ ಸ್ಟಿಕ್ಕರ್ ಕಿತ್ತು ಹೊಸದು ಅಂಟಿಸಿ. ಚಿಕ್ಕಮ್ಮ, ಇನ್ಮೇಲೆ ಟೇಪು ನೆಟ್ಟಗೆ ಸುತ್ತು, ಮೂಲೆ ಗೀಲೆ ಮಡಿಚಿದ್ರೆ ಬೆರಳು ಮಡಿಚ್ತೀನಿ."

ಅಷ್ಟೇ. ನನ್ನ ಬಾಯಿಂದ ನಿಜ ಹೊರಡಲು ಅಷ್ಟು ದಿನ ಬೇಕಾಯಿತು. ಅವರು ಅದನ್ನು ಒಂದು ಭಾನುವಾರದಲ್ಲಿ ಒರೆಸಿ ಹಾಕಿದ್ದರು. ಮುಲಾಮಿನ ಮೇಜು ಅವರದು ನನ್ನದಕ್ಕಿಂತ ದೊಡ್ಡದು.

"ಕೈ ನಂದು ಸಾರ್," ಎಂದೆ. "ಈ ಕೈ ಇನ್ನು ಹಚ್ಚಲ್ಲ."

ಬಾಕಿ ಸಂಬಳವಿಲ್ಲ, ಹೊರಗೆ ನಡಿ ಎಂದ. ಗೇಟಿನ ತನಕ ಟೇಪು ಚಿಕ್ಕಮ್ಮ ಹಿಂದೆಯೇ ಬಂದಳು. ಸಮಾಧಾನ ಹೇಳಲು ಬಂದಳೆಂದುಕೊಂಡೆ.

"ನಿನಗೆ ಲಾರಿ ಓಡ್ಸೋ ಗಂಡ ಇದ್ದಾನೆ, ಸಂಬಳ ತರೋ ನಾದಿನಿ ಇದ್ದಾಳೆ. ನಿಜ ಹೇಳೋಕೆ ನಿನಗೆ ತಾಕತ್ತಿದೆ ಕಣೆ. ನನಗೆ ಈ ಟೇಪು ಬಿಟ್ರೆ ಯಾರಿದ್ದಾರೆ? ಆಣೆ ಮುರಿಯೋಕೆ ಮುಂಚೆ ಒಂದು ಮಾತು ಕೇಳಿದ್ಯಾ ನನ್ನ?"

"ಇಲ್ಲ ಚಿಕ್ಕಮ್ಮ."

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ."

ಅವಳು ಕೆಕ್ಕರಿಸಿ ನೋಡಿದಳು. ಆಮೇಲೆ ಸೆರಗಿನ ಮರೆಯಲ್ಲಿ ಫೋನ್ ತೆಗೆದು, ಮೂಲೆ ಮಡಿಚಿದ ಪೆಟ್ಟಿಗೆಗಳ ಚೀಟಿಯ ಫೋಟೋಗಳನ್ನು ಒಂದೊಂದೇ ನನಗೆ ಕಳಿಸಿದಳು. ಹೆಸರು, ವಿಳಾಸ, ಫೋನ್ ನಂಬರ್. "ವಾಕರಿನವು ಮಾತ್ರ ಕಳಿಸಿದ್ದೀನಿ. ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರೆ ನನ್ನ ಹೆಸರು ತೆಗೆದ್ಯೋ, ನಿನ್ನ ನಾಲಗೆಗೇ ಟೇಪು ಹಾಕ್ತೀನಿ," ಎಂದು ಹೇಳಿ ಹಿಂತಿರುಗಿ ನೋಡದೆ ಒಳಗೆ ಹೋದಳು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಮೊದಲ ನಂಬರ್ ಒತ್ತಿದೆ. ಗಂಡಸೊಬ್ಬ ಎತ್ತಿದ.

"ನಮಸ್ಕಾರ, ನಿಮ್ಮನೆಗೆ ಹೋದ ತಿಂಗಳು ಒಂದು ವಾಕರ್ ಬಂದಿತ್ತಲ್ಲ..."

"ಯಾರು ನೀವು? ನಮ್ಮ ನಂಬರ್ ಎಲ್ಲಿ ಸಿಕ್ತು?"

"ಅದರ ಕಾಲು ಸರಿ ಇಲ್ಲ. ದಯವಿಟ್ಟು ಅದನ್ನ ಬಳಸಬೇಡಿ."

"ಓಹೋ. ಈಗ ದುಡ್ಡು ವಾಪಸ್ ಕೊಡ್ತೀವಿ, ಓಟಿಪಿ ಹೇಳಿ ಅಂತೀರಿ ತಾನೇ? ಇಂಥ ಕಳ್ಳರನ್ನ ಎಷ್ಟು ನೋಡಿಲ್ಲ!" ಫೋನ್ ಇಟ್ಟ. ಮತ್ತೆ ಮಾಡಿದರೆ ಹೋಗಲಿಲ್ಲ, ನನ್ನ ನಂಬರನ್ನೇ ತಡೆದಿದ್ದ. ಅವನ ತಪ್ಪೇನು? ಅಪರಿಚಿತರು ಫೋನ್ ಮಾಡಿದರೆ ನಂಬಬೇಡಿ ಎಂದು ನಾನೇ ಎಷ್ಟು ಜನಕ್ಕೆ ಕಲಿಸಿದ್ದೆ. ಅವನ ವಿಳಾಸದ ಮುಂದೆ 'ಹೋಗಿ ಬರಬೇಕು' ಎಂದು ಗುರುತು ಹಾಕಿಕೊಂಡೆ.

ಎರಡನೆಯದನ್ನು ಹೆಂಗಸೊಬ್ಬಳು ಎತ್ತಿದಳು. ಈ ಸಲ ಸುತ್ತುಬಳಸಲಿಲ್ಲ. "ನಾನು ಆ ವಾಕರ್ ಕಳಿಸಿದ ಶೆಡ್ಡಲ್ಲಿ ಕೆಲಸಕ್ಕಿದ್ದೆ. ಅದು ಮುರಿದು ವಾಪಸ್ ಬಂದಿದ್ದು. ಬಿರುಕು ಮುಚ್ಚಿ ಬಣ್ಣ ಹೊಡೆದಿದ್ದು ನಾನೇ. ಯಾರೂ ಅದನ್ನ ಹಿಡ್ಕೊಂಡು ನಡೀಬಾರದು."

ಆ ಕಡೆ ಎಲ್ಲೋ ಕುಕ್ಕರ್ ಕೂಗಿತು.

"ಅಮ್ಮ ಬಿದ್ದು ಎಂಟು ದಿನ ಆಯ್ತು," ಎಂದಳು ಅವಳು. "ಕೈ ಮುರಿದಿದೆ, ಮಲಗಿದ್ದಾರೆ. ವಾಕರ್ ಬಾಗಿಹೋಗಿತ್ತು. ಇವರು ಬಿದ್ದಿದ್ದಕ್ಕೇ ಅದು ಬಾಗಿದ್ದು ಅಂದ್ಕೊಂಡ್ವಿ. ಸರಿಯಾಗಿ ಹಿಡ್ಕೊಳ್ಳೋಕೆ ಬರಲ್ವಾ ನಿಂಗೆ ಅಂತ ನಾನೂ ಬೈದೆ, ಅಣ್ಣನೂ ಬೈದ. ಸರಿಯಾಗೇ ಹಿಡ್ಕೊಂಡಿದ್ದೆ ಅಂತ ಅವರು ಅಳ್ತಾ ಹೇಳ್ತಿದ್ರು. ನಾವು ನಂಬಲಿಲ್ಲ. ಎಂಟು ದಿನದಿಂದ ನಮ್ಮ ಹತ್ರ ಮಾತು ಬಿಟ್ಟಿದ್ದಾರೆ."

ಅವಳು ಬೈಯಲೆಂದು ಕಾದೆ. ಬೈದಿದ್ದರೆ ಸಲೀಸಾಗುತ್ತಿತ್ತು.

"ನೀವು ಈಗ ಹೇಳಿದ್ದನ್ನ ಅಮ್ಮಂಗೆ ಹೇಳ್ತೀರಾ?" ಎಂದಳು. "ನಾನು ಹೇಳಿದ್ರೆ ನಂಬಲ್ಲ, ಸಮಾಧಾನಕ್ಕೆ ಅಂತಾರೆ."

ಎದುರಿಗೆ ಬಸ್ಸು ಬಂದು ನಿಂತಿತು. ಹತ್ತುವವರು ಹತ್ತಿದರು, ಅದು ಹೊರಟುಹೋಯಿತು.

"ಕೊಡಿ," ಎಂದೆ.